ಆರ್ಟ್ ಪೇಪರ್: ಟನ್ ಹೋಲಿಸುವ ಮೊದಲು

ಮಾನ್ಯ ಸಂಪಾದಕರೇ,

ಆರ್ಟ್ ಪೇಪರ್, ಅಂದರೆ ಕ್ಯಾಲೆಂಡರಿಗೆ ಬಳಸುವಂಥ ನುಣುಪು ಲೇಪನದ ಮುದ್ರಣ ಕಾಗದದ ಉತ್ಪಾದನೆಯಲ್ಲಿ ಯಾವ ದೇಶ ಏರಿತು, ಯಾವುದು ಇಳಿಯಿತು ಎಂಬ ನಿಮ್ಮ ನಕ್ಷೆ ನೋಡಿದೆವು. ಫಿನ್ಲೆಂಡಿನಲ್ಲಿ 2005ರಿಂದ 2006ಕ್ಕೆ ಕಂಡ ಜಿಗಿತವನ್ನು ಅದರಲ್ಲಿ ಬೆಳವಣಿಗೆ ಎಂದು ಓದಲಾಗಿದೆ. ಅದು ಬೆಳವಣಿಗೆ ಅಲ್ಲ. 2005ರ ಮೇ–ಜೂನ್‌ನಲ್ಲಿ ಅಲ್ಲಿನ ಕಾಗದ ಗಿರಣಿಗಳು ಲಾಕೌಟ್‌ನಿಂದ ವಾರಗಟ್ಟಲೆ ಮುಚ್ಚಿದ್ದವು. ಮರುವರ್ಷ ಯಂತ್ರ ಓಡಿದವು, ಅಷ್ಟೇ. 2022ರಲ್ಲೂ ಜನವರಿ 1ರಿಂದ ಏಪ್ರಿಲ್‌ವರೆಗೆ ಅಲ್ಲಿನ ಯುಪಿಎಂ ಕಂಪನಿಯ ಗಿರಣಿಗಳಲ್ಲಿ ಮುಷ್ಕರ ನಡೆಯಿತು. ಜಪಾನಿನ 2011ರ ಅಂಕಿಯ ಹಿಂದೆ ಇಶಿನೊಮಾಕಿ ಗಿರಣಿಗೆ ಬಡಿದ ಸುನಾಮಿ ಇದೆ. ಇಂಥ ಒಂಟಿ ವರ್ಷವನ್ನು ಆರಂಭಕ್ಕೋ ಕೊನೆಗೋ ಇಟ್ಟುಕೊಂಡರೆ ಶೇಕಡಾವಾರು ಲೆಕ್ಕವೆಲ್ಲ ಕೆಡುತ್ತದೆ. ಮೂರು ವರ್ಷದ ಸರಾಸರಿ ಹಿಡಿಯಬೇಕು.

ನಿಜವಾದ ಕುಸಿತ ಇಲ್ಲವೆಂದಲ್ಲ. ಅಮೆರಿಕದಲ್ಲಿ ಮೇರಿಲ್ಯಾಂಡಿನ ಲ್ಯೂಕ್ ಗಿರಣಿ 2019ರಲ್ಲಿ ಮುಚ್ಚಿತು, ವಿಸ್ಕಾನ್ಸಿನ್ ರ‍್ಯಾಪಿಡ್ಸ್ 2020ರಲ್ಲಿ ನಿಂತಿತು. ಸ್ಟೋರಾ ಎನ್ಸೊ ಕಂಪನಿ 2020ರಲ್ಲಿ ಫಿನ್ಲೆಂಡಿನ ಔಲು ಗಿರಣಿಯ ಆರ್ಟ್ ಪೇಪರ್ ನಿಲ್ಲಿಸಿ, ಅಲ್ಲೇ ರಟ್ಟಿನ ಪೆಟ್ಟಿಗೆಗೆ ಬೇಕಾದ ಕ್ರಾಫ್ಟ್‌ಲೈನರ್ ತೆಗೆಯತೊಡಗಿತು. ಹೀಗಾದಾಗ ದೇಶದ ‘ಒಟ್ಟು ಕಾಗದ’ದ ಸಾಲಿನಲ್ಲಿ ಬದಲಾವಣೆ ಅಷ್ಟಾಗಿ ಕಾಣುವುದಿಲ್ಲ, ಆರ್ಟ್ ಪೇಪರ್ ಸಾಲಿನಲ್ಲಿ ಮಾತ್ರ ದೊಡ್ಡ ಹಳ್ಳ ಬೀಳುತ್ತದೆ.

ಯಾವ ಸಾಲಿನಲ್ಲಿ ಏನಿದೆ ಎಂಬುದನ್ನು ನೋಡದಿದ್ದರೆ ಇನ್ನೂ ಹೆಚ್ಚು ಎಡವುತ್ತೇವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೇಪಿತ ಮುದ್ರಣ ಕಾಗದವನ್ನು ತನ್ನ ಅಂಕಿಪಟ್ಟಿಯ ಬೇರೆ ಕಂಬದಲ್ಲಿ (ಕಾಲಂ) ಕೊಡುವುದು 1998ರಿಂದ. ಅದಕ್ಕೂ ಹಿಂದೆ ಬರೆಯುವ ಕಾಗದ, ಮುದ್ರಣ ಕಾಗದ ಎಲ್ಲ ಒಂದೇ ಮೊತ್ತ; ಎರಡನ್ನೂ ಒಂದೇ ಗೆರೆಗೆ ಜೋಡಿಸಬಾರದು. ಬಿಲ್ ಬುಕ್ಕಿಗೆ ಬಳಸುವ, ಕಾರ್ಬನ್ ಇಲ್ಲದೆ ನಕಲು ಮೂಡುವ ಎನ್‌ಸಿಆರ್ ಕಾಗದವೂ ಈ ಲೇಪಿತ ಕಂಬದೊಳಗೇ ಬರುತ್ತದೆ. ಸಿಹಿ ಬಾಕ್ಸಿನ ಡ್ಯೂಪ್ಲೆಕ್ಸ್ ಬೋರ್ಡ್‌ಗೂ ಲೇಪನ ಇದೆ, ಆದರೆ ಅದು ಪ್ಯಾಕೇಜಿಂಗ್ ಕಂಬಕ್ಕೆ ಸೇರುತ್ತದೆ. ಆಮದು-ರಫ್ತಿಗೆ ಕಸ್ಟಮ್ಸ್ ಬಳಸುವ 4810 ಎಂಬ ಸರಕು ಸಂಕೇತದಲ್ಲಿ ಆರ್ಟ್ ಪೇಪರ್ ಮತ್ತು ಡ್ಯೂಪ್ಲೆಕ್ಸ್ ಎರಡೂ ಇರುವುದರಿಂದ ಅದರ ಪೂರ್ತಿ ಮೊತ್ತ ತೆಗೆದುಕೊಂಡರೆ ಲೆಕ್ಕ ಉಬ್ಬುತ್ತದೆ. ಅದರ ಉಪಸಂಕೇತಗಳಲ್ಲಿ 4810.13, 14, 19, 22, 29 ಇಷ್ಟನ್ನೇ ಕೂಡಿಸಿ. ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯಲ್ಲಿ ಅಂಕಿಯ ಪಕ್ಕದ ಅಕ್ಷರವನ್ನೂ ಓದಿ: ಅದು ದೇಶ ಕೊಟ್ಟ ಲೆಕ್ಕವೋ ಅಂದಾಜೋ ಎಂದು ಹೇಳುತ್ತದೆ. ವರ್ಷವರ್ಷವೂ ಒಂದೇ ಅಂಕಿ ಬಂದಿದ್ದರೆ ಹಳೆಯದನ್ನೇ ಮುಂದಕ್ಕೆ ಎಳೆದಿರುವ ಸಾಧ್ಯತೆ ಹೆಚ್ಚು.

ಮತ್ತೆ, ಟನ್ ಎಂದರೆ ತೂಕ. ಪ್ರೆಸ್ಸಿನವನಿಗೆ ಬೇಕಾದದ್ದು ಹಾಳೆ. 23×36 ಇಂಚಿನ 500 ಹಾಳೆಯ ರೀಮ್ 130 ಜಿಎಸ್‌ಎಂನಲ್ಲಿ (ಚದರ ಮೀಟರಿಗೆ 130 ಗ್ರಾಂ) 34.7 ಕೆ.ಜಿ. ತೂಗುತ್ತದೆ, 100ರಲ್ಲಿ 26.7. ಗಿರಾಕಿಗಳೆಲ್ಲ 130 ಬಿಟ್ಟು 100ಕ್ಕೆ ಇಳಿದರೆ ಒಂದು ರೀಮೂ ಕಡಿಮೆಯಾಗದೆ ಟನ್ ಲೆಕ್ಕ ಶೇ 23ರಷ್ಟು ಕುಸಿಯುತ್ತದೆ.

ಮುದ್ರಣ ಕಾಶಿ ಎನಿಸಿಕೊಂಡ ಗದಗಿಗೆ ಉತ್ಪಾದನೆಯ ಗೆರೆಗಿಂತ ಮುಖ್ಯವಾದದ್ದು ಬಳಕೆ: ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆಯಬೇಕು. ದಾಂಡೇಲಿಯ ಗಿರಣಿ ಹತ್ತಿರವಿದ್ದರೂ ಅಲ್ಲಿಂದ ಬರುವ, ಲೇಪನವಿಲ್ಲದ ಮ್ಯಾಪ್‌ಲಿಥೋ ಲೇಪಿತ ಕಂಬಕ್ಕೆ ಸೇರದು. ದೇಶದ ಆರ್ಟ್ ಪೇಪರ್ ಎಂದರೆ ಪುಣೆ ಕಡೆಯ ಭಿಗವಣ, ಒಡಿಶಾದ ಜೇಕೇಪುರದಂಥ ಕೆಲವೇ ಗಿರಣಿಗಳದ್ದು. ಅಮೆರಿಕ 2010ರಲ್ಲಿ ಚೀನಾ ಮತ್ತು ಇಂಡೊನೇಷ್ಯಾದ ಕಾಗದದ ಮೇಲೆ, ಐರೋಪ್ಯ ಒಕ್ಕೂಟ 2011ರಲ್ಲಿ ಚೀನಾದ ಕಾಗದದ ಮೇಲೆ ಆ್ಯಂಟಿ-ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ಸರಕು ತಂದು ಸುರಿಯುವುದನ್ನು ತಡೆಯುವ ಸುಂಕ) ಹಾಕಿದವು. ಅಂಥ ಸುಂಕ ಬಿದ್ದಾಗ ಸರಕು ಬೇರೆ ಬಂದರಿಗೆ ತಿರುಗುತ್ತದೆ, ಉತ್ಪಾದನೆಯ ನಕ್ಷೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ನಮ್ಮಲ್ಲೂ ನಿಯತಕಾಲಿಕೆಗಳ ತೆಳು ಲೇಪಿತ ಕಾಗದಕ್ಕೆ 2019ರ ಬಜೆಟ್ ಶೇ 10 ಸುಂಕ ಹಾಕಿ, 2020ರದ್ದು ಅದನ್ನು ಶೇ 5ಕ್ಕೆ ಇಳಿಸಿತು. 2022ರ ಅಕ್ಟೋಬರ್ 1ರಿಂದ ಕಾಗದ ಆಮದಿಗೆ ಮುಂಚಿತ ನೋಂದಣಿಯೂ ಬಂತು.

ಮುಂದಿನ ನಕ್ಷೆಯಲ್ಲಿ ಉತ್ಪಾದನೆ, ಆಮದು, ರಫ್ತು ಮೂರನ್ನೂ ಕೊಡಿ. ಕ್ಯಾಲೆಂಡರ್ ಸುಗ್ಗಿಗೆ ಕಾಗದ ಹೊಂದಿಸುವ ಬೆಟಗೇರಿ, ಹುಬ್ಬಳ್ಳಿಯ ಪ್ರೆಸ್ಸಿನವರು ನೋಡುವುದು ನಡುವಿನ ಕಂಬವನ್ನೇ.

— ಕೆಲವು ಮುದ್ರಕರು ಮತ್ತು ಕಾಗದ ವ್ಯಾಪಾರಿಗಳು, ಗದಗ-ಬೆಟಗೇರಿ