ನಳಿಕೆಯ ಮೂಲಕ ಆಹಾರ ಪಡೆಯುವ ಮಕ್ಕಳ ಪೋಷಕರ ಗಮನಕ್ಕೆ

ಆತ್ಮೀಯ ಸದಸ್ಯರೇ,

ತೀವ್ರ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ, ಚಲನೆ ಕುಂದುವ ಸ್ಥಿತಿ) ಇರುವ ಅನೇಕ ಮಕ್ಕಳಲ್ಲಿ ಅನ್ನನಾಳದ ಕೆಳತುದಿಯ ಸ್ನಾಯು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮಲಬದ್ಧತೆಯೂ ಬಾಗಿದ ಬೆನ್ನೆಲುಬೂ ಹೊಟ್ಟೆಯ ಮೇಲೆ ಒತ್ತಡ ಹೇರುವುದರಿಂದ, ಹೊಟ್ಟೆಗೆ ನೇರವಾಗಿ ಪೆಗ್ ನಳಿಕೆ ಹಾಕಿಸಿದ ಮಾತ್ರಕ್ಕೆ ಆಹಾರ ಮೇಲಕ್ಕೆ ಬರುವುದು ನಿಲ್ಲುತ್ತದೆಂದು ಭಾವಿಸಬಾರದು.

ಆಹಾರ ಕೊಡುವಾಗಲೂ ಆನಂತರ ಕನಿಷ್ಠ 30 ನಿಮಿಷವೂ ಮಗುವಿನ ತಲೆ ಮತ್ತು ಎದೆಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಿಡಿ. ಬರೀ ತಲೆಯ ಕೆಳಗೆ ದಿಂಬಿಟ್ಟರೆ ಸಾಲದು, ಹೊಟ್ಟೆ ಮಡಚಿಕೊಂಡು ತೊಂದರೆಯೇ ಹೆಚ್ಚಬಹುದು. ಸಿರಿಂಜನ್ನು ಒತ್ತಿ ಅವಸರದಿಂದ ತುಂಬಿಸಬೇಡಿ.

ಮೂಗಿನ ನಳಿಕೆಯಾದರೆ ಅದು ಹೊಟ್ಟೆಯಲ್ಲೇ ಇದೆಯೆಂಬುದನ್ನು ಪ್ರತಿ ಸಲವೂ, ನಳಿಕೆಯಿಂದ ಎಳೆದ ದ್ರವದ ಆಮ್ಲೀಯತೆ ತೋರಿಸುವ ಪಿಎಚ್ ಪಟ್ಟಿಯಿಂದ ಖಚಿತಪಡಿಸಿಕೊಳ್ಳಿ. ಗಾಳಿ ಊದಿ ಸದ್ದು ಆಲಿಸುವ ಹಳೆಯ ಪದ್ಧತಿ (ಈಗಲೂ ಹಲವರು ಅನುಸರಿಸುತ್ತಾರೆ) ನಂಬಲರ್ಹವಲ್ಲ. ಆಮ್ಲ ತಗ್ಗಿಸುವ ಔಷಧಿ ಪಡೆಯುವ ಮಕ್ಕಳಲ್ಲಿ ಪಟ್ಟಿಯ ಫಲಿತಾಂಶ ಬದಲಾಗಬಹುದಾದ್ದರಿಂದ ವೈದ್ಯರನ್ನು ಕೇಳಿಕೊಳ್ಳಿ.

ವಾಂತಿ ಹಸಿರಾದರೆ, ರಕ್ತ ಕಂಡರೆ ಅಥವಾ ಏದುಸಿರು ಬಂದರೆ, ಗುಂಪಿನ ಉತ್ತರಕ್ಕೆ ಕಾಯದೆ ಆಹಾರ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.