ಬೀಡಿ ಕಟ್ಟುವವರ ಕಿವಿಗೆ ಪಾಠ ತಲುಪಲಿ

ಮಾನ್ಯ ಸಂಪಾದಕರೇ,

ನಾನು ಮಂಗಳೂರಿನ ಗುರುಪುರ ಕಡೆಯ ಬೀಡಿ ಕಾರ್ಮಿಕೆ. ಮಗಳು ಪಿಯುಸಿಗೆ ಸೇರಿದ ವರ್ಷವೇ ನಾನೂ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆ. ನಮ್ಮಂಥವರಿಗೆ ಪಾಠಗಳನ್ನು ಮೊಬೈಲಿನಲ್ಲಿ ಕೇಳುವ ಹಾಗೆ ಕೊಡಿ ಎಂದು ವಿಶ್ವವಿದ್ಯಾನಿಲಯಗಳನ್ನು ಕೇಳಿಕೊಳ್ಳಲು ಈ ಪತ್ರ.

ಮೊಬೈಲಿಗೆ ಈಗ ಏನೂ ಬರುವುದಿಲ್ಲ ಎಂದಲ್ಲ. ಪಿಡಿಎಫ್ ಬರುತ್ತದೆ, ವಿಡಿಯೊ ಲಿಂಕ್ ಬರುತ್ತದೆ. ಎರಡಕ್ಕೂ ಕಣ್ಣು ಬೇಕು. ಬೀಡಿ ಕಟ್ಟುವಾಗ ಕಣ್ಣು ಎಲೆಯ ಮೇಲಿರುತ್ತದೆ, ಬೆರಳ ತುಂಬ ಹೊಗೆಸೊಪ್ಪಿನ ಹುಡಿ. ಆ ಕೈಯಲ್ಲಿ ಫೋನ್ ಮುಟ್ಟಿ ಪುಟ ಸರಿಸಲಿಕ್ಕಾಗುವುದಿಲ್ಲ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದು, ಅಡುಗೆ ಮುಗಿಸಿ ಕೂತರೆ ಸಣ್ಣ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಹಗಲಿಡೀ ನಮಗೆ ಬಿಡುವಿರುವುದು ಕಿವಿಗೆ ಮಾತ್ರ. ನಮ್ಮ ತಾಯಂದಿರು ಮಂಗಳೂರು ಆಕಾಶವಾಣಿ ಕೇಳುತ್ತಲೇ ಬೀಡಿ ಕಟ್ಟಿದವರು.

ಕಳೆದ ಮಳೆಗಾಲದಲ್ಲಿ ಮಗಳು ಒಂದು ಇತಿಹಾಸದ ಪಾಠವನ್ನು ಗಟ್ಟಿಯಾಗಿ ಓದಿ, ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಕಾಲೇಜಿಗೆ ಹೋದಳು. 1837ರ ದಂಗೆಯ ಪಾಠ ಅದು. ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರಿನವರೆಗೆ ಬಂದು, ಇಂದಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದ್ದು. ಜಗಲಿಯಲ್ಲಿ ನನ್ನ ಜೊತೆ ಕೂತಿದ್ದ ನೆರೆಮನೆಯ ದೊಡ್ಡಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಪಾಠ ಮುಗಿದದ್ದೇ, "ಅವರಿಗೆ ಅಷ್ಟು ಸಿಟ್ಟು ಬರಲು ಕಾರಣ ಎಂತ?" ಎಂದು ತುಳುವಿನಲ್ಲಿ ಕೇಳಿದರು. ಮತ್ತೆ ಹಾಕಿ ಕೇಳಿದೆವು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರ್ಕಾರ, ಕೊಡಗಿಗೆ ಸೇರಿದ್ದ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಿ ಎಂದಿತು. ದೊಡ್ಡಮ್ಮನಿಗೆ ಅದನ್ನು ಬಿಡಿಸಿ ಹೇಳುತ್ತ ಹೇಳುತ್ತ ನನಗೆ ಇಡೀ ಪಾಠ ಬಾಯಿಗೆ ಬಂತು. ಪುಸ್ತಕ ಹಿಡಿದು ಓದಿದ ಯಾವ ಪಾಠವೂ ಹಾಗೆ ಉಳಿದಿಲ್ಲ. ಮರುದಿನ ಜಗಲಿಯಲ್ಲಿದ್ದವರೆಲ್ಲ "ಇವತ್ತು ಯಾವ ಪಾಠ?" ಎಂದು ಕೇಳಿದರು.

ಮಗಳಿಗೂ ಪರೀಕ್ಷೆ ಇರುತ್ತದೆ, ಎಲ್ಲವನ್ನೂ ಅವಳೇ ಓದಿಕೊಡಲಾಗದು. ವಿಶ್ವವಿದ್ಯಾನಿಲಯದವರು ಒಮ್ಮೆ ಓದಿಸಿಟ್ಟರೆ ಎಲ್ಲರಿಗೂ ಆಯಿತು. ಹತ್ತು ನಿಮಿಷದ ಮಾತನ್ನು ಸಣ್ಣ ಫೈಲಾಗಿ ಉಳಿಸಿದರೆ ಒಂದೆರಡು ಎಂಬಿ ಸಾಕು, ವಿಡಿಯೊಗೆ ಅದರ ಎಷ್ಟೋ ಪಟ್ಟು ಬೇಕು. ಸ್ಮಾರ್ಟ್‌ಫೋನ್ ಇಲ್ಲದವರೂ ನಮ್ಮಲ್ಲಿದ್ದಾರೆ. ಅವರಿಗೆ ಒಂದು ನಂಬರ್ ಕೊಡಿ: ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬರಲಿ, 1 ಒತ್ತಿದರೆ ಕನ್ನಡ, 2 ಒತ್ತಿದರೆ ಇತಿಹಾಸ. ಗ್ಯಾಸ್ ಸಿಲಿಂಡರನ್ನು ಗುಂಡಿ ಒತ್ತಿಯೇ ಬುಕ್ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು. ಶುಲ್ಕ ಕಟ್ಟುವ ಕೊನೆಯ ದಿನ, ಸಂಪರ್ಕ ತರಗತಿಯ ಜಾಗ, ಇವು ಕನ್ನಡದ ಎಸ್ಸೆಮ್ಮೆಸ್ಸಿನಲ್ಲಿ ಬರಲಿ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಸಂದೇಶದಲ್ಲಿ ಕನ್ನಡಕ್ಕೆ ಸಿಗುವುದು 70. ಆದರೂ ದಿನಾಂಕ ಮತ್ತು ಜಾಗ ಹೇಳಲು ಅಷ್ಟು ಧಾರಾಳ. ಸ್ಕ್ಯಾನ್ ಮಾಡಿದ ಸುತ್ತೋಲೆ ವಾಟ್ಸಾಪ್ ಗ್ರೂಪಿನ ಶುಭೋದಯದ ಚಿತ್ರಗಳಡಿ ಕಾಣದೆ ಹೋಗುತ್ತದೆ. ನನ್ನ ಜೊತೆ ಓದುವವಳೊಬ್ಬಳು ಹಾಗೆ ದಂಡ ಕಟ್ಟಬೇಕಾಯಿತು. ಬೀಡಿಯ ಮಜೂರಿಯಲ್ಲಿ ಅದು ಸಣ್ಣ ಮೊತ್ತವಲ್ಲ.

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ತೊಡಗಿದಾಗ ಆಗಿನ ಕಾಲಕ್ಕೆ ಮನೆಮನೆ ಮುಟ್ಟುತ್ತಿದ್ದ ಅಂಚೆಯನ್ನೇ ಹಿಡಿಯಿತು. ಈಗ ಹಾಗೆ ಮುಟ್ಟುವುದು ಫೋನ್. ಎಲ್ಲ ವಿಷಯ ಒಟ್ಟಿಗೆ ಆಗದಿದ್ದರೆ ಬರುವ ಸೆಮಿಸ್ಟರಿಗೆ ಇತಿಹಾಸ ಒಂದನ್ನಾದರೂ ಓದಿಸಿ ಕೊಡಿ.

– ದೂರಶಿಕ್ಷಣ ವಿದ್ಯಾರ್ಥಿನಿ, ಗುರುಪುರ, ಮಂಗಳೂರು