ಮಡಿಕೇರಿ ಕೋಟೆಯ ಮ್ಯೂಸಿಯಂಗೆ ಹೊಸ ಕಟ್ಟಡ ಬೇಡ, ಅರಮನೆ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ.

ಮಡಿಕೇರಿ ಕೋಟೆಗೆ ಬಂದವರು ಮೊದಲು ಎರಡು ಗಾರೆ ಆನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಅರಮನೆಯನ್ನು ಹೊರಗಿನಿಂದ ನೋಡುತ್ತಾರೆ. ಟೈಮ್ ಉಳಿದರೆ ಹಳೇ ಚರ್ಚಿನೊಳಗೆ ಒಂದು ಸುತ್ತು ಹಾಕುತ್ತಾರೆ. ಆ ಚರ್ಚೇ ನಮ್ಮ ಮ್ಯೂಸಿಯಂ. ಒಂದು ಇಡೀ ಜಿಲ್ಲೆಯ ಚರಿತ್ರೆ ಆ ಒಂದು ಹಾಲ್‌ನಲ್ಲಿ ಕೂತಿದೆ. ಅದನ್ನು ದೊಡ್ಡದು ಮಾಡಬೇಕು ಅಂತ ಕೇಳುವುದಕ್ಕೇ ಈ ಪತ್ರ.

ಆದರೆ ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಪಕ್ಕದ ಅರಮನೆಯನ್ನು ಕೇಳುತ್ತಿದ್ದೇನೆ.

ಮೊದಲು ಚರ್ಚಿನ ವಿಷಯ. ಸೇಂಟ್ ಮಾರ್ಕ್ಸ್ ಚರ್ಚನ್ನು ಬ್ರಿಟಿಷರು 1855ರಲ್ಲಿ ಕಟ್ಟಿದ್ದು. ಅದಕ್ಕೂ ಮುಂಚೆ ಅಲ್ಲಿ ವೀರಭದ್ರನ ಗುಡಿ ಇತ್ತು. ಸ್ವಾತಂತ್ರ್ಯದ ನಂತರ ಪ್ರಾರ್ಥನೆ ನಿಂತಿತು. ಮುಂದೆ ರಾಜ್ಯದ ಪುರಾತತ್ವ ಇಲಾಖೆ ಅದರೊಳಗೆ ಮ್ಯೂಸಿಯಂ ಮಾಡಿತು. ಕಟ್ಟಡ ಚೆನ್ನಾಗಿದೆ, ಅದರ ಮೇಲೆ ದೂರಿಲ್ಲ. ಆದರೆ ಜನ ಸಾಲಾಗಿ ಕೂತು ಒಂದೇ ಕಡೆ ಮುಖ ಮಾಡಲಿ ಅಂತ ಕಟ್ಟಿದ ಹಾಲ್ ಅದು. ಕಲ್ಲಿನ ವಿಗ್ರಹ, ವೀರಗಲ್ಲುಗಳನ್ನು ಗೋಡೆಯ ಉದ್ದಕ್ಕೂ ನಿಲ್ಲಿಸಬಹುದು. ಅದಕ್ಕಿಂತ ಜಾಸ್ತಿ ಅಲ್ಲಿ ಏನು ಮಾಡಲು ಬರುತ್ತದೆ? ಕಾಗದ, ಬಟ್ಟೆ, ಮರ, ಕಬ್ಬಿಣದ ವಸ್ತುಗಳಿಗೆ ಬೇರೆ ಬೇರೆ ಕೋಣೆ ಬೇಕು. ರಿಪೇರಿ ಮಾಡಲು ಒಂದು ಜಾಗ ಬೇಕು. ಸದ್ಯಕ್ಕೆ ತೋರಿಸದೇ ಇರುವ ವಸ್ತುಗಳನ್ನು ಇಡಲು ಒಂದು ಒಣ ದಾಸ್ತಾನು ಕೋಣೆ ಬೇಕು. ಒಂದೇ ಹಾಲ್‌ನಲ್ಲಿ ಇದೆಲ್ಲ ಆಗುವ ಮಾತಲ್ಲ.

‘ಹಾಗಾದರೆ ಪಕ್ಕದಲ್ಲೇ ಒಂದು ಬ್ಲಾಕ್ ಕಟ್ಟೋಣ’ ಅನ್ನುವ ಸಲಹೆ ಯಾವ ಮೀಟಿಂಗ್‌ನಲ್ಲೂ ಬಂದೇ ಬರುತ್ತದೆ. ಟೆಂಡರ್ ಕರೆಯುವುದು ಸುಲಭ, ಉದ್ಘಾಟನೆಗೆ ರಿಬ್ಬನ್ ಸಿಗುತ್ತದೆ. ಆದರೆ ಕೋಟೆಯ ಅರಮನೆ ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಸ್ಮಾರಕಗಳ ಕಾನೂನು 1958ರದ್ದು, ಅದಕ್ಕೆ 2010ರಲ್ಲಿ ಗಟ್ಟಿ ತಿದ್ದುಪಡಿ ಬಂತು. ಅದರ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಇಲ್ಲದೆ ಏನೂ ಕಟ್ಟುವಂತಿಲ್ಲ. ಕಾನೂನು ಬಿಟ್ಟರೂ ಬೇಡ ಅಂತಲೇ ನನ್ನ ಅಭಿಪ್ರಾಯ. ಕೋಟೆಯ ಒಳಗೆ ಕಾಂಕ್ರೀಟಿನ ಪೆಟ್ಟಿಗೆ ತಂದಿಟ್ಟರೆ ಮ್ಯೂಸಿಯಂ ದೊಡ್ಡದಾಗುತ್ತದೆ, ಕೋಟೆ ಚಿಕ್ಕದಾಗುತ್ತದೆ.

ಈಗ ಅರಮನೆಗೆ ಬರುತ್ತೇನೆ. ಈ ಕೋಟೆಯಲ್ಲಿ ಮೊದಲು ಮಣ್ಣಿನ ಗೋಡೆ ಹಾಕಿಸಿದ್ದು ಕೊಡಗನ್ನು ಆಳಿದ ಹಾಲೇರಿ ಮನೆತನದ ಅರಸ ಮುದ್ದುರಾಜ, 17ನೇ ಶತಮಾನದಲ್ಲಿ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ಕೋಟೆ ದೊಡ್ಡ ವೀರರಾಜೇಂದ್ರನ ಕೈಗೆ ಬಂತು. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಗೆ ಈಗಿನ ರೂಪ ಕೊಟ್ಟ. 1834ರಲ್ಲಿ ಇಂಗ್ಲಿಷರು ಬಂದು ಕೂತರು. 1933ರಲ್ಲಿ ಗಡಿಯಾರದ ಗೋಪುರ ಎದ್ದಿತು. ಅದರ ಜೊತೆಗೇ ಒಂದು ಪೋರ್ಟಿಕೋ ಕೂಡ ಬಂತು, ಕಮಿಷನರ್ ಸಾಹೇಬರ ಕಾರು ಮಳೆಯಲ್ಲಿ ನೆನೆಯಬಾರದಲ್ವಾ! ಆಮೇಲೆ ನಮ್ಮದೇ ಸರ್ಕಾರದ ಕಚೇರಿಗಳು. ಜಿಲ್ಲಾಧಿಕಾರಿ ಕಚೇರಿ ಇಲ್ಲೇ ಇತ್ತು. ಅರಮನೆಯನ್ನು ಉಳಿಸಿಕೊಳ್ಳಬೇಕು ಅನ್ನುವ ವಿಷಯ ಹೈಕೋರ್ಟ್ ಮೆಟ್ಟಿಲೂ ಏರಿತು. ಕಚೇರಿಗಳು ಒಂದೊಂದಾಗಿ ಹೊರಗೆ ಹೋದವು.

ಕಟ್ಟಡ ಬಿಡಿಸುವ ಜಗಳ ಮುಗಿದ ಮೇಲೆ ಅದರೊಳಗೆ ಏನಿರಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಉತ್ತರ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಚರ್ಚಿನಲ್ಲಿ ಕಲ್ಲು ಇರಲಿ, ಉಳಿದದ್ದು ಅರಮನೆಗೆ ಬರಲಿ. ಎರಡಕ್ಕೂ ಒಂದೇ ಟಿಕೆಟ್, ಒಂದೇ ದಾರಿ.

ಅರಮನೆ ತುಂಬಿಸುವಷ್ಟು ವಸ್ತು, ವಿಷಯ ಇದೆಯಾ ಅಂತ ಯಾರಾದರೂ ಕೇಳಬಹುದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕರ್ನಾಟಕದ ಶಾಸನಗಳನ್ನು ಒಟ್ಟುಮಾಡಿ ಅಚ್ಚುಹಾಕುವ ದೊಡ್ಡ ಕೆಲಸ ಶುರುವಾಗಿದ್ದೇ ಕೊಡಗಿನಿಂದ. ಬಿ.ಎಲ್. ರೈಸ್ 1886ರಲ್ಲಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲ ಸಂಪುಟ ಕೊಡಗಿನ ಶಾಸನಗಳದ್ದು. ಇದನ್ನು ನಮ್ಮ ಶಾಲೆ ಮಕ್ಕಳಿಗೆ ಎಲ್ಲಿ ತೋರಿಸುವುದು? ಇನ್ನು ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು ಕಾಶಿಗೆ ಹೋದ, ಅಲ್ಲಿಂದ 1852ರಲ್ಲಿ ಲಂಡನ್ನಿಗೆ. ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದುಡ್ಡಿಗಾಗಿ ಕೇಸು ಹಾಕಿದ. ಮಗಳು ಗೌರಮ್ಮನಿಗೆ ಅದೇ ವರ್ಷ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಈ ಅರಮನೆಯಿಂದ ಹೊರಟ ಮನೆತನದ ಕತೆಯನ್ನು ಇದೇ ಅರಮನೆಯ ಕೋಣೆಯಲ್ಲಿ ಹೇಳುವ ಅವಕಾಶ ಬೇರೆ ಯಾವ ಜಿಲ್ಲೆಗಿದೆ?

ಇಂಗ್ಲಿಷರ ವಿರುದ್ಧ ಎದ್ದ 1837ರ ಅಮರಸುಳ್ಯದ ದಂಗೆಯೂ ಇದೆ. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ರಂದು ಈ ಕೋಟೆಯ ಮುಂದೆಯೇ ಗಲ್ಲಿಗೇರಿಸಿದರು. ಊರಿನಲ್ಲಿ ಅವರ ಪ್ರತಿಮೆ ಇದೆ, ವರ್ಷಕ್ಕೊಮ್ಮೆ ಹಾರ ಬೀಳುತ್ತದೆ. ದಂಗೆ ಯಾಕಾಯಿತು, ಯಾರ್‍ಯಾರು ಸೇರಿದ್ದರು, ಎಲ್ಲಿಂದ ಎಲ್ಲಿಗೆ ಹೋದರು ಅಂತ ಒಂದು ನಕ್ಷೆ ಹಾಕಿ ತೋರಿಸುವ ಗೋಡೆ ಬೇಕು.

ನಿಮಗೆ ಹತ್ತಿರದ ವಿಷಯವೂ ಒಂದಿದೆ. 1956ರ ನವೆಂಬರ್ 1ರವರೆಗೆ ಕೊಡಗು ಒಂದು ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ವಿಧಾನಸಭೆಯಲ್ಲಿ 24 ಸದಸ್ಯರು. ಈಗ ಜಿಲ್ಲೆಗೆ ಇಬ್ಬರೇ ಶಾಸಕರು. ಆ 24 ಜನ ಯಾವುದರ ಬಗ್ಗೆ ವಾದ ಮಾಡುತ್ತಿದ್ದರು ಅಂತ ತಿಳಿಯುವ ಕುತೂಹಲ ನಿಮಗೂ ಇರಬಹುದು. ಆ ಕಾಲದ ಕಾಗದಪತ್ರ, ಫೋಟೋಗಳನ್ನು ಹುಡುಕಿ ಒಂದು ಕೋಣೆಯಲ್ಲಿ ಇಡಬೇಕು.

ರಾಜರು, ಸುಬೇದಾರರು, ಮುಖ್ಯಮಂತ್ರಿಗಳ ಕತೆ ಹೇಗೋ ಬಂದೇಬರುತ್ತದೆ. ಯರವರು, ಜೇನುಕುರುಬರು, ತೋಟಗಳಲ್ಲಿ ದುಡಿಯಲು ಬೇರೆ ಕಡೆಗಳಿಂದ ಬಂದು ಇಲ್ಲೇ ಉಳಿದವರು, ಇವರ ವಸ್ತುಗಳನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ. ಮ್ಯೂಸಿಯಂ ಹುಡುಕಿಕೊಂಡು ಹೋಗಬೇಕು. ಹೊಸ ಲೇಬಲ್‌ಗಳು ಕನ್ನಡ, ಇಂಗ್ಲಿಷ್ ಜೊತೆ ಕೊಡವ ತಕ್ಕ್, ಅರೆಭಾಷೆಯಲ್ಲೂ ಇರಲಿ. ‘ಜಿನ ವಿಗ್ರಹ, ಕಲ್ಲು’ ಅಂತಷ್ಟೇ ಬರೆದರೆ ಸಾಲದು. ಯಾವ ಊರಿನಲ್ಲಿ ಸಿಕ್ಕಿತು, ಯಾರು ಹುಡುಕಿದರು, ಅನ್ನುವುದೂ ಬೇಕು. ತಮ್ಮೂರಿನ ಹೆಸರು ಕಂಡರೆ ಜನ ನಿಂತು ಓದುತ್ತಾರೆ.

ಇನ್ನು ಕಷ್ಟದ ಮಾತು: ಮಳೆ. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ. ಕೊಡವರ ಯುದ್ಧದ ಕತ್ತಿ, ಒಂದು ಒಡಿಕತ್ತಿಯನ್ನೇ ತೆಗೆದುಕೊಳ್ಳಿ. ಅಲಗು ಕಬ್ಬಿಣದ್ದು, ಬೆನ್ನಿಗೆ ಸಿಕ್ಕಿಸುವ ತೊಡಂಗ್ ಹಿತ್ತಾಳೆಯದ್ದು, ಹಿಡಿ ಮರದ್ದು. ಕಬ್ಬಿಣಕ್ಕೆ ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಒಳ್ಳೆಯದು, ಇಲ್ಲದಿದ್ದರೆ ತುಕ್ಕು. ಮರಕ್ಕೆ ತೀರಾ ಒಣಗಿದರೆ ಬಿರುಕು. ಗಾಳಿಯ ತೇವ ಶೇಕಡಾ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು. ಮಡಿಕೇರಿಯ ಜುಲೈಯಲ್ಲಿ 65 ಎಲ್ಲಿ ಉಳಿಯುತ್ತದೆ? ಇದಕ್ಕೆ ಇಡೀ ಅರಮನೆಗೆ ಎಸಿ ಹಾಕಿಸಬೇಕಾಗಿಲ್ಲ. ಗಾಳಿ ಆಡದ ಹಾಗೆ ಮುಚ್ಚಿದ ಗಾಜಿನ ಕಪಾಟು, ಅದರ ತಳದಲ್ಲಿ ಕಣ್ಣಿಗೆ ಕಾಣದ ಹಾಗೆ ಸಿಲಿಕಾ ಜೆಲ್ ತಟ್ಟೆ, ಒಂದು ಸಣ್ಣ ತೇವಮಾಪಕ, ವಾರಕ್ಕೊಮ್ಮೆ ಅದನ್ನು ನೋಡಿ ಬರೆದಿಡುವ ಒಬ್ಬ ಮನುಷ್ಯ. ಕೊನೆಯದ್ದೇ ನಮ್ಮಲ್ಲಿ ಸಿಗುವುದು ಕಷ್ಟ! ಕಪಾಟಿಗೆ ಅನುದಾನ ಒಂದು ಸಲ ಬರುತ್ತದೆ, ಆ ಮನುಷ್ಯನಿಗೆ ಪ್ರತಿ ತಿಂಗಳು ಸಂಬಳ ಬರಬೇಕು. ವಿಸ್ತರಣೆಯ ಅಂದಾಜುಪಟ್ಟಿಯಲ್ಲಿ ಹುದ್ದೆಗಳ ಸಾಲು ಇಲ್ಲದಿದ್ದರೆ ದಯವಿಟ್ಟು ಅದನ್ನು ವಾಪಸ್ ಕಳಿಸಿ.

ಗೋಡೆಯ ವಿಷಯದಲ್ಲೂ ಹಠ ಹಿಡಿಯಬೇಕಾಗುತ್ತದೆ. ಸುಣ್ಣದ ಗಾರೆಯ ಹಳೇ ಗೋಡೆ ನೀರು ಹೀರಿದರೂ ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಳಗೋಡೆ ಬೆವರುತ್ತದೆ, ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಸುಣ್ಣದ ಕೆಲಸ ನಿಧಾನ, ಮಳೆಗಾಲದಲ್ಲಿ ಮಾಡಲು ಆಗುವುದಿಲ್ಲ. ಮಾರ್ಚ್ ಒಳಗೆ ಬಿಲ್ ಆಗಬೇಕು ಅನ್ನುವ ಅವಸರಕ್ಕೆ ಅದು ಬಗ್ಗುವುದಿಲ್ಲ. ಮೇಲಿನ ಮಹಡಿ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕಿಸದೆ ಅಲ್ಲಿಗೆ ಏನನ್ನೂ ಏರಿಸಬಾರದು.

ವೈರಿಂಗ್ ಕೂಡ ಅಷ್ಟೇ ಮುಖ್ಯ. ಬ್ರೆಜಿಲ್‌ನ ರಿಯೋ ನಗರದ ರಾಷ್ಟ್ರೀಯ ಮ್ಯೂಸಿಯಂ ಇದ್ದದ್ದೂ ಹಳೇ ಅರಮನೆಯಲ್ಲೇ. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಸುಟ್ಟುಹೋಯಿತು. ಬೆಂಕಿ ಶುರುವಾಗಿದ್ದು ಒಂದು ಎಸಿಯಿಂದ ಅಂತ ತನಿಖೆ ಹೇಳಿತು. ಬೆಂಕಿ ಆರಿಸಲು ಬಂದವರಿಗೆ ಹತ್ತಿರದ ಹೈಡ್ರಂಟ್‌ಗಳಲ್ಲಿ ನೀರೇ ಸಿಗಲಿಲ್ಲ. ಸುಮಾರು 2 ಕೋಟಿ ವಸ್ತುಗಳಿದ್ದ ಸಂಗ್ರಹ, ಬಹುಪಾಲು ಹೋಯಿತು. ನಾವು ದೀಪ ಹಾಕುವ ಮೊದಲು ನೀರಿನ ಪೈಪ್ ಹಾಕೋಣ.

ಲೈಟ್ ಅಂಡ್ ಸೌಂಡ್ ಶೋ ಬಗ್ಗೆ ಒಂದೇ ಮಾತು: ಬೇಡ.

ಈಗ ನೀವೇ ಕೈ ಹಾಕಬೇಕಾದ ಗಂಟು. ಅರಮನೆ ಕೇಂದ್ರದ ಇಲಾಖೆಯದ್ದು, ಮ್ಯೂಸಿಯಂ ರಾಜ್ಯದ ಇಲಾಖೆಯದ್ದು. ಎರಡೂ ಕಡೆ ಒಳ್ಳೆಯ ಅಧಿಕಾರಿಗಳಿರಬಹುದು. ಆದರೆ ಫೈಲ್ ಬೆಂಗಳೂರಿಗೆ, ದೆಹಲಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅಧಿಕಾರಿಯೇ ವರ್ಗ ಆಗಿರುತ್ತಾರೆ. ಇದಕ್ಕೆ ದಾರಿ ಇಲ್ಲದಿಲ್ಲ. ಮುಂಬೈಯಲ್ಲಿ 1872ರಲ್ಲಿ ಬಾಗಿಲು ತೆರೆದ ಭಾವು ದಾಜಿ ಲಾಡ್ ಮ್ಯೂಸಿಯಂ ಹಾಳು ಸುರಿಯುತ್ತಿತ್ತು. 2003ರಲ್ಲಿ ಮಹಾನಗರ ಪಾಲಿಕೆ, ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್, ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಮೂರೂ ಕೂತು ಒಪ್ಪಂದ ಮಾಡಿಕೊಂಡವು. ಯಾರು ದುಡ್ಡು ಹಾಕುವುದು, ಯಾರು ಕೆಲಸ ಮಾಡುವುದು, ಯಾರು ನಡೆಸುವುದು ಅಂತ ಮೊದಲೇ ತೀರ್ಮಾನ ಆಯಿತು. 2008ರಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು. ನಮಗೂ ಅಂಥ ಒಂದು ಕಾಗದ ಬೇಕು: ಅರಮನೆಯ ಗೋಡೆ, ಚಾವಣಿ ಕೇಂದ್ರದ್ದು, ಒಳಗಿನ ಪ್ರದರ್ಶನ ರಾಜ್ಯದ್ದು, ದಿನದ ಉಸ್ತುವಾರಿಗೆ ಜಿಲ್ಲಾಡಳಿತ ಸೇರಿದ ಒಂದು ಸಮಿತಿ.

ಮಡಿಕೇರಿಯಲ್ಲಿ ಇಂಥದ್ದೆಲ್ಲ ಆಗುವುದಿಲ್ಲ ಅನ್ನುವವರಿಗೆ ‘ಸನ್ನಿಸೈಡ್’ ತೋರಿಸಿ. ಜನರಲ್ ತಿಮ್ಮಯ್ಯನವರ ಮನೆ ವರ್ಷಗಟ್ಟಲೆ ಆರ್‌ಟಿಒ ಕಚೇರಿ ಆಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಮನೆ ಆಯಿತು, ಇನ್ನು ಅರಮನೆ.

ಕಟ್ಟಡದ ಕೆಲಸ ಶುರುವಾಗಲು ಕಾಯದೆ ಇವತ್ತೇ ಮಾಡಬಹುದಾದ್ದು ಒಂದಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆಗಳ ಜೊತೆ ಹಳೇ ಫೋಟೋ, ಪತ್ರ, ಪಾತ್ರೆಗಳೂ ಮಣ್ಣಿನಡಿ ಹೋದವು. ಅವುಗಳ ಪಟ್ಟಿ ಕೂಡ ಯಾರ ಹತ್ತಿರವೂ ಇಲ್ಲ. ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ, ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ಉಳಿದಿರುವುದನ್ನು ಫೋಟೋ ತೆಗೆದು ಪಟ್ಟಿ ಮಾಡಲು ಕಟ್ಟಡ ಬೇಕಾಗಿಲ್ಲ. ಒಂದು ಕ್ಯಾಮೆರಾ, ಇಬ್ಬರು ತರಬೇತಾದ ಹುಡುಗರು ಸಾಕು. ತೋರಿಸಿದರೆ ಸರ್ಕಾರ ಎತ್ತಿಕೊಂಡು ಹೋಗುತ್ತದೆ ಅನ್ನುವ ಭಯ ಜನರಿಗಿದೆ. ವಸ್ತು ನಿಮ್ಮದೇ, ಬೇಕಾದರೆ ಸಾಲವಾಗಿ ಕೊಡಿ, ಕೇಳಿದಾಗ ವಾಪಸ್ ಅಂತ ಬರವಣಿಗೆಯಲ್ಲಿ ಕೊಟ್ಟರೆ ಆ ಭಯ ಹೋಗುತ್ತದೆ. ನೀವು ಹೇಳಿದರೆ ಜನ ನಂಬುತ್ತಾರೆ.

ಎರಡೂ ಇಲಾಖೆಯವರನ್ನು, ಜಿಲ್ಲಾಧಿಕಾರಿಯವರನ್ನು ಒಟ್ಟಿಗೆ ಕೂರಿಸಿ ಒಂದು ಸಭೆ ಕರೆಯಿರಿ. ಬೆಂಗಳೂರಿನಲ್ಲಿ ಬೇಡ, ಕೋಟೆಯಲ್ಲೇ ಕರೆಯಿರಿ. ಸಾಧ್ಯವಾದರೆ ಜುಲೈಯಲ್ಲಿ, ಜೋರು ಮಳೆ ಬರುವಾಗ. ಎಲ್ಲಿ ಸೋರುತ್ತದೆ ಅಂತ ಆಗ ಯಾರೂ ವರದಿ ತರಿಸಬೇಕಾಗಿಲ್ಲ. ಸಭೆಯ ತಾರೀಕು ಗೊತ್ತಾದರೆ ತಿಳಿಸಿ, ಕೇಳಲು ನಾವೂ ಬರುತ್ತೇವೆ.

ಇಂತಿ,
ಮಡಿಕೇರಿಯ ಒಬ್ಬ ಮತದಾರ